ವಿಚ್ಛೇದನದ ವಕೀಲರ ಶುಭಾಶಯ

"ಇದನ್ನ ಓದಿ ವಕೀಲರೇ. ಜೋರಾಗಿ ಓದಿ," ಎಂದು ಕಾರು ಓಡಿಸಲು ಕಲಿಸುವ ಟೀಚರಮ್ಮ ತನ್ನ ಫೋನನ್ನು ಮೇಜಿನ ಮೇಲೆ ಕುಕ್ಕಿದಳು.

ವಕೀಲರು ಕನ್ನಡಕ ಸರಿಪಡಿಸಿಕೊಂಡು ಓದಿದರು. 'ನಿಮ್ಮ ಮದುವೆಯ ಹತ್ತನೇ ವಾರ್ಷಿಕೋತ್ಸವಕ್ಕೆ ಹಾರ್ದಿಕ ಶುಭಾಶಯಗಳು. ನಿಮ್ಮ ಬಾಳಿನ ಪ್ರತಿ ತಿರುವಿನಲ್ಲೂ ನಾವು ನಿಮ್ಮೊಂದಿಗಿದ್ದೇವೆ.' ಕೆಳಗೆ ಎರಡು ಗುಲಾಬಿ, ಗುಲಾಬಿಯ ಕೆಳಗೆ ಸಾಕ್ಷಾತ್ ತಮ್ಮದೇ ಹೆಸರು. ಹೋದ ವರ್ಷವಷ್ಟೇ ಈಕೆಗೆ ಗಂಡನಿಂದ ವಿಚ್ಛೇದನ ಕೊಡಿಸಿದ್ದು ತಾವೇ.

"ಮದುವೆ ಬಿಡಿಸಿದೋರು ನೀವೇ, ವಾರ್ಷಿಕೋತ್ಸವ ಮಾಡಿಸೋರೂ ನೀವೇನಾ? ಬೆಳಿಗ್ಗೆ ಒಬ್ರಿಗೆ ಕ್ಲಚ್ ಬಿಡೋದು ಹೇಳಿಕೊಡ್ತಾ ಇದ್ದೆ. ಇದನ್ನ ನೋಡಿ ನಡುರಸ್ತೆಯಲ್ಲಿ ನಾನೇ ಬ್ರೇಕ್ ಒತ್ತಿಬಿಟ್ಟೆ. ಹಿಂದಿನ ಗಾಡಿಯೋರ ಹತ್ರ ಬೈಸಿಕೊಂಡಿದ್ದೂ ನಾನೇ."

ವಕೀಲರ ಕಣ್ಣು ಮೂಲೆಯ ಕಂಪ್ಯೂಟರಿನತ್ತ ಹೊರಳಿತು. ಅದರ ಹಿಂದೆ ತಲೆ ತಗ್ಗಿಸಿ ಕೂತಿದ್ದವನು ಅವರ ಸೋದರಳಿಯ. ಮಾರ್ಕೆಟಿಂಗ್ ಓದಿ, ನಾಲ್ಕು ಕಡೆ ಕೆಲಸ ಬಿಟ್ಟು, ಈಗ ಮಾವನನ್ನು ಉದ್ಧಾರ ಮಾಡಲು ಬಂದಿದ್ದ. ಎದುರು ಕಟ್ಟಡಕ್ಕೆ ಗಾಜಿನ ಬಾಗಿಲಿನ ಹೊಸ ವಕೀಲರ ಕಚೇರಿ ಬಂದ ಮೇಲೆ ಈ ಕಡೆಯ ಮೆಟ್ಟಿಲು ಹತ್ತುವವರು ಕಡಿಮೆಯಾಗಿದ್ದರು. ಮದುವೆ ಕುದುರಿಸಿದವರನ್ನಾದರೆ ನಾಲ್ಕು ಜನ ಹೊಗಳುತ್ತಾರೆ, ಬಿಡಿಸಿಕೊಟ್ಟವರ ಹೆಸರನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ? ಗೆದ್ದ ಕಕ್ಷಿದಾರರೂ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿ ಅಂಗಡಿಗಳ ಬೋರ್ಡು ಓದತೊಡಗುತ್ತಿದ್ದರು. 'ಹಳೇ ಗಿರಾಕಿಗಳ ಜೊತೆ ಸಂಬಂಧ ಉಳಿಸಿಕೊಳ್ಳಬೇಕು ಮಾವ, ಅವರ ವಿಶೇಷ ದಿನಗಳನ್ನ ನಾವು ನೆನಪಿಡಬೇಕು' ಎಂದು ಇವನು ಹೇಳಿದಾಗ ವಕೀಲರು ಹೂಂ ಅಂದುಬಿಟ್ಟಿದ್ದರು.

"ಏನೋ ಇದು ಕರ್ಮ?"

"ಹುಟ್ಟಿದ ದಿನಕ್ಕೇ ಶುಭಾಶಯ ಕಳಿಸೋಣ ಅಂತಿದ್ದೆ ಮಾವ. ಆದ್ರೆ ನಿಮ್ಮ ಫೈಲುಗಳಲ್ಲಿ ಎಲ್ಲರದ್ದೂ ಸಿಕ್ಕಿದ್ದು ಮದುವೆ ದಿನ ಮಾತ್ರ."

"ಸಿಗದೆ ಏನಾಗುತ್ತೋ! ಮದುವೆಯಾಗದೆ ಯಾರಾದ್ರೂ ವಿಚ್ಛೇದನ ಕೇಳ್ತಾರಾ? ಇನ್ಯಾರಿಗೆ ಕಳಿಸಿದೀಯ?"

"ಇವತ್ತಿನ ತಾರೀಕಿಗೆ ಇವರದ್ದೊಂದೇ." ಅವನು ಗಂಟಲು ಸರಿಮಾಡಿಕೊಂಡ. "ಎದುರು ಪಾರ್ಟಿಗೂ ಒಂದು ಹೋಗಿದೆ. ಅವರಿಗೂ ಮುಂದೆ ವಕೀಲರು ಬೇಕಾಗಬಹುದಲ್ವಾ ಮಾವ?"

ಟೀಚರಮ್ಮ ಫೋನನ್ನು ಕಿತ್ತುಕೊಂಡು ಎದ್ದೇಬಿಟ್ಟಳು. "ಅವರಿಗೂನಾ? ಅಯ್ಯೋ, ನಾನೇ ಕಳಿಸಿದ್ದು ಅಂದ್ಕೊಳ್ಳಲ್ವಾ ಆ ಮನುಷ್ಯ! ನನ್ನ ಮಾನ ಹರಾಜಿಗೆ ಹಾಕಿದ್ರಲ್ಲ. ಈಗಲೇ ವಕೀಲರ ಸಂಘಕ್ಕೆ ಹೇಳ್ತೀನಿ, ನಿಮ್ಮ ಕರಿಕೋಟು ಬಿಚ್ಚಿಸ್ತೀನಿ." ನಂಬರು ಒತ್ತುತ್ತಾ ಅವಳು ಕಿಟಕಿಯ ಬಳಿ, ಕಬ್ಬಿಣದ ಬೀರುವಿನ ಮರೆಗೆ ಹೋದಳು. ವಕೀಲರಿಗೆ ನಿಜಕ್ಕೂ ಹೆದರಿಕೆಯಾಯಿತು. ಅವರಿಗೆ ಆ ಕೋಟು ಬಿಟ್ಟರೆ ಬೇರೆ ದಾರಿ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟಿ ಒಳಗೆ ಬಂದವನು ಅವಳ ಮಾಜಿ ಗಂಡ, ಕನ್ನಡಕದ ಅಂಗಡಿಯವನು. ಇಸ್ತ್ರಿ ಮಾಡಿದ ಅಂಗಿ, ಅವಸರದಲ್ಲಿ ಕ್ಷೌರ ಮಾಡಿಕೊಂಡು ಗದ್ದದ ಮೇಲೊಂದು ಗಾಯ. ಊರಿಗೆಲ್ಲ ಕನ್ನಡಕ ಕೊಡುವವನ ಕಣ್ಣಿಗೆ ಬೀರುವಿನ ಪಕ್ಕದಲ್ಲಿದ್ದವಳು ಬೀಳಲಿಲ್ಲ. ಇವರಿಬ್ಬರ ಮೊಕದ್ದಮೆಯಲ್ಲಿ ಹೊಡೆತ ಬಡಿತವಿರಲಿಲ್ಲ, ಮೂರನೆಯವರೂ ಇರಲಿಲ್ಲ. ಯಾವುದೋ ಸಣ್ಣ ಜಗಳಕ್ಕೆ ಮಾತು ಬಿಟ್ಟವರು, ಮೊದಲು ಯಾರು ಮಾತಾಡಬೇಕು ಎಂದು ಪಟ್ಟು ಹಿಡಿದು, ಹಿಡಿದ ಪಟ್ಟಿನಲ್ಲೇ ಕೋರ್ಟಿನವರೆಗೆ ಬಂದಿದ್ದರು. ರಾಜಿಯಾಗಬಾರದೇ ಎಂದು ನ್ಯಾಯಾಧೀಶರು ಕೇಳಿದಾಗಲೂ ಇಬ್ಬರೂ, 'ಅವರು ಮೊದಲು ಮಾತಾಡಲಿ' ಎಂದೇ ಹೇಳಿದ್ದರು.

"ನಿಮ್ಮ ಕಕ್ಷಿದಾರರ ಮೆಸೇಜು ತಲುಪಿತು ಸರ್," ಎಂದ ಅವನು, ನಿಂತುಕೊಂಡೇ. "ನೀವು ಅವಳ ವಕೀಲರು. ಅವಳು ಹೇಳದೆ ನನಗೆ ಒಂದಕ್ಷರ ಕಳಿಸೋರಲ್ಲ ನೀವು, ಕೋರ್ಟಲ್ಲೇ ನೋಡಿದೀನಲ್ಲ. ಅಂತೂ ಅವಳೇ ಮೊದಲು ಮಾತಾಡಿದಳು. ಇನ್ನೂ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ರೆ ಮನುಷ್ಯನೇ ಅಲ್ಲ. ಏನು ಉತ್ತರ ಕೊಡಬೇಕು ಅಂತ ಗೊತ್ತಾಗದೆ ಅಂಗಡೀನೂ ತೆಗೀಲಿಲ್ಲ, ಸೀದಾ ಇಲ್ಲಿಗೇ ಬಂದೆ."

ವಕೀಲರು ಬೀರುವಿನತ್ತ ಕಣ್ಣು ಹಾಯಿಸಿದರು. ನಿಜ ಹೇಳಿದರೆ ಈ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಸುಳ್ಳು ಹೇಳಿದರೆ, ಕಕ್ಷಿದಾರಳ ಮುಂದೆಯೇ ಅವಳ ಹೆಸರಿನಲ್ಲಿ ಸುಳ್ಳು ಹೇಳಿದ ತಪ್ಪೂ ದೂರಿಗೆ ಸೇರುತ್ತದೆ.

"ಅದು... ಆ ಮೆಸೇಜು ಏನಾಯ್ತು ಅಂದ್ರೆ..."

"ಅವಳು ಹೇಳಿ ತಾನೇ ಕಳಿಸಿದ್ದು ಸರ್?"

ಸೋದರಳಿಯ ಕಂಪ್ಯೂಟರಿನ ಹಿಂದೆ ಇನ್ನಷ್ಟು ಕೆಳಗಿಳಿದ. ಬೀರುವಿನ ಪಕ್ಕದಿಂದ ಟೀಚರಮ್ಮ ಈಚೆ ಬಂದಳು. ಅವಳ ಕೈಯಲ್ಲಿದ್ದ ಫೋನಿನಿಂದ "ಹಲೋ, ವಕೀಲರ ಸಂಘ, ಯಾರು ಮಾತಾಡೋದು?" ಎಂಬ ದನಿ ಕೇಳಿಸುತ್ತಿತ್ತು. ಅವಳನ್ನು ಕಂಡು ಮಾಜಿ ಗಂಡನ ಮುಖ ಕೆಂಪಾಯಿತು. ಅವಳು ಆ ಇಸ್ತ್ರಿ ಅಂಗಿಯನ್ನು ನೋಡಿದಳು, ಗದ್ದದ ಗಾಯವನ್ನು ನೋಡಿದಳು, ಫೋನ್ ಕಟ್ ಮಾಡಿದಳು.

"ನಾನೇ ಹೇಳಿ ಕಳಿಸಿದ್ದು," ಎಂದಳು. "ಇವತ್ತೇ ಉತ್ತರ ಕೊಡತಕ್ಕದ್ದು ಅಂತಲೂ ಸೇರಿಸಿ ಅಂದಿದ್ದೆ. ಈ ವಕೀಲರು ಮುಖ್ಯವಾದ ಸಾಲನ್ನೇ ಬಿಟ್ಟುಬಿಟ್ಟಿದ್ದಾರೆ."