ಎಡಗಡೆಯ ಜೇಬು

ಕ್ಲಿಕ್.

ಗೋಡೆಯಾಚೆಯ ಕೋಣೆಯಿಂದ ಬಂದ ಸದ್ದು ಅಷ್ಟೇ. ನಡುರಾತ್ರಿ ದಾಟಿತ್ತು. ಅರ್ನಸ್ಟೀನ್ ಹಾಸಿಗೆಯಲ್ಲಿ ಎದ್ದು ಕುಳಿತಳು. ತೀರಿಕೊಂಡ ಗಂಡ ಬ್ಯಾಂಕಿನ ಕಾವಲುಗಾರನಾಗಿದ್ದವನು. ಪಿಸ್ತೂಲಿಗೆ ಗುಂಡು ತುಂಬುವ ಸದ್ದನ್ನು ಅವಳಿಗೆ ಯಾರೂ ಪರಿಚಯಿಸಬೇಕಿರಲಿಲ್ಲ.

ಆ ಕೋಣೆಯಲ್ಲಿದ್ದವನು ಡೆಸ್ಮಂಡ್, ಉಳಿದಿದ್ದ ಒಬ್ಬನೇ ಮಗ. ಹಿರಿಯವನು, ಕೋರಿ, ಬೇಸಿಗೆಯಲ್ಲಿ ಪೆಟ್ರೋಲ್ ಬಂಕಿನ ಮುಂದೆ ಗುಂಡೇಟಿಗೆ ಸತ್ತಿದ್ದ. ಹೊಡೆದವನು ಯಾರೆಂದು ಕೇರಿಗೆಲ್ಲ ಗೊತ್ತಿತ್ತು. ಸಾಕ್ಷಿ ಹೇಳುವವರು ಇರಲಿಲ್ಲ. ಹೊಡೆದವನು ನದಿಯಾಚೆ ಆರಾಮಾಗಿದ್ದ.

ಮರುದಿನ, ಬುಧವಾರ ಸಂಜೆ, ಚರ್ಚಿನ ಎದುರಿನ ಬಸ್ ನಿಲ್ದಾಣದಲ್ಲಿ ಪೊಲೀಸರು ಡೆಸ್ಮಂಡ್‌ನನ್ನು ಗೋಡೆಗೆ ಒರಗಿಸಿದರು. ಅಲ್ಲಿ ಇಲ್ಲಿ ತಡಕಲಿಲ್ಲ. ಕಂದು ಕೋಟಿನ ಎಡಗಡೆಯ ಜೇಬಿಗೇ ಕೈ ಹಾಕಿದರು.

ಆಗ ಅರ್ನಸ್ಟೀನ್ ಚರ್ಚಿನ ಅಡುಗೆಮನೆಯಲ್ಲಿ ಬುಧವಾರದ ಸಾಮೂಹಿಕ ಊಟಕ್ಕೆ ಸೊಪ್ಪು ಬೇಯಿಸುತ್ತಿದ್ದಳು. ಸುದ್ದಿ ತಂದವಳು ಜೊತೆಗೆ ಅಡುಗೆ ಮಾಡುವ ಸಿಸ್ಟರ್ ವೆಲ್ಮಾ.

"ಅರ್ನಸ್ಟೀನ್, ನಿನ್ನ ಮಗನ್ನ ಹಿಡಿದ್ರು ಕಣೇ! ಜೇಬಲ್ಲಿ ಪಿಸ್ತೂಲು ಸಿಕ್ತಂತೆ!"

"ಪಿಸ್ತೂಲು ಕಿತ್ಕೊಂಡು ಮನೆಗೆ ಕಳಿಸ್ತಾರೆ, ಅಲ್ವಾ?"

"ಎಲ್ಲಿ ಕಳಿಸ್ತಾರೆ? ಬೇಡಿ ಹಾಕಿ ಕಾರಿಗೆ ತಳ್ಳಿದ್ರು."

ಸೌಟು ನೆಲಕ್ಕೆ ಬಿತ್ತು. ವೆಲ್ಮಾ ಗೋಡೆಯ ಫೋನು ಎತ್ತಿ ಪಾದ್ರಿಗೆ ವಿಷಯ ತಿಳಿಸಿದಳು. ಅರ್ನಸ್ಟೀನ್ ಬಿದ್ದ ಸೌಟನ್ನೇ ನೋಡುತ್ತ ನಿಂತಿದ್ದಳು.

ಸರ್ಕಾರವೇ ಕೊಟ್ಟ ವಕೀಲೆ ಮಿಸ್ ಪ್ರುಯೆಟ್ ಸುತ್ತಿಬಳಸಿ ಮಾತನಾಡುವವಳಲ್ಲ. "ನಿಮ್ಮ ಮಗ ಹತ್ತೊಂಬತ್ತನೇ ವಯಸ್ಸಲ್ಲಿ ಕಾರು ಕದ್ದು ಜೈಲಿಗೆ ಹೋಗಿ ಬಂದವನು. ಅಂಥವನ ಹತ್ರ ಬಂದೂಕು ಇರೋದೇ ಅಪರಾಧ. ಇದು ಕೇಂದ್ರದ ಕಾನೂನು. ಹದಿನೈದು ವರ್ಷದವರೆಗೂ ಹೋಗಬಹುದು."

"ಅವನು ಯಾರಿಗೂ ಏನೂ ಮಾಡಿಲ್ವಲ್ಲಮ್ಮ?"

"ಮಾಡಬೇಕಾಗಿಲ್ಲ. ಇಟ್ಕೊಂಡಿದ್ರೆ ಸಾಕು."

"ನಂಗೆ ಗೊತ್ತಿರ್ಲಿಲ್ಲ," ಎಂದಳು ಅರ್ನಸ್ಟೀನ್. ಮತ್ತೆ ಅದನ್ನೇ ಹೇಳಿದಳು. "ದೇವರಾಣೆ, ನಂಗೆ ಗೊತ್ತಿರ್ಲಿಲ್ಲ."

ಉಳಿದದ್ದು ಒಂದೇ ದಾರಿ. ಯಾರೋ ಠಾಣೆಗೆ ಫೋನ್ ಮಾಡಿ ಕಂದು ಕೋಟು, ಬಸ್ ನಿಲ್ದಾಣ, ಎಡಗಡೆ ಜೇಬು ಎಂದಿದ್ದರು. ದನಿ ರೆಕಾರ್ಡ್ ಆಗಿರಲಿಲ್ಲ. ಹೆಸರು ಬರೆದುಕೊಂಡಿರಲಿಲ್ಲ. ಹೆಸರಿಲ್ಲದ ಒಂದು ಫೋನನ್ನಷ್ಟೇ ನಂಬಿ ಪೊಲೀಸರು ಯಾರ ಜೇಬಿಗೂ ಕೈ ಹಾಕುವಂತಿಲ್ಲ. ನ್ಯಾಯಾಧೀಶರು ಇದನ್ನು ಒಪ್ಪಿದರೆ ಪಿಸ್ತೂಲು ಸಾಕ್ಷಿಯಾಗಿ ನಿಲ್ಲದು. ಪಿಸ್ತೂಲಿಲ್ಲದೆ ಮೊಕದ್ದಮೆಯೂ ನಿಲ್ಲದು.

"ಆ ಫೋನ್ ಮಾಡಿದವರೇ ಬಂದುಬಿಟ್ರೆ?"

"ಬಂದು, ನಾನು ಹೆಸರು ಹೇಳೇ ಫೋನ್ ಮಾಡಿದ್ದೆ ಅಂದ್ರೆ, ಮುಗೀತು. ಹಾಗಾಗದೆ ಇರಲಿ ಅಂತ ಪ್ರಾರ್ಥನೆ ಮಾಡಿ, ಮಿಸ್ ಅರ್ನಸ್ಟೀನ್."

ಚಳಿಗಾಲ ಕಳೆಯಿತು. ಚರ್ಚಿನಲ್ಲಿ ಹೆಂಗಸರು ಒಬ್ಬೊಬ್ಬರ ಮೇಲೂ ಅನುಮಾನ ಪಟ್ಟರು. ಪಕ್ಕದ ಮನೆಯ ಮುದುಕನೋ, ಡೆಸ್ಮಂಡ್ ಬಿಟ್ಟ ಹುಡುಗಿ ಟನೀಶಾಳೋ?

"ಯಾರೇ ಆಗಲಿ, ಅವರ ನಾಲಿಗೆ ಸೇದಿಹೋಗ!" ಎಂದಳು ವೆಲ್ಮಾ.

"ಆಮೆನ್," ಎಂದಳು ಅರ್ನಸ್ಟೀನ್.

ವಿಚಾರಣೆಗೆ ಮುಂಚೆ ಸರ್ಕಾರಿ ವಕೀಲರು ಒಂದು ಮಾತು ತೇಲಿಬಿಟ್ಟರು: ತಪ್ಪೊಪ್ಪಿಕೊಂಡರೆ ಐದು ವರ್ಷ. ಜೈಲಿನ ಗಾಜಿನಾಚೆ ಡೆಸ್ಮಂಡ್ ಸೊರಗಿಹೋಗಿದ್ದ.

"ಒಪ್ಕೊಂಡುಬಿಡ್ಲಾ ಅಮ್ಮಾ? ಆ ಫೋನ್ ಮಾಡಿದವ್ರು ಬಂದ್ರೆ ಹದಿನೈದು."

"ಒಪ್ಕೋಬೇಡ. ಅವರು ಬರಲ್ಲ."

"ನಿಂಗೆ ಹೇಗೆ ಗೊತ್ತು?"

"ಪ್ರಾರ್ಥನೆ ಮಾಡಿದೀನಿ ಕಣೋ."

ನ್ಯಾಯಾಲಯದಲ್ಲಿ ಅವಳು ಎರಡನೇ ಸಾಲಿನಲ್ಲಿ, ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಕುಳಿತಳು. ಫೋನು ಎತ್ತಿದ್ದ ಸಾರ್ಜೆಂಟ್ ಗ್ರಿಗ್ಸ್ ಕಟಕಟೆ ಹತ್ತಿದ. ನರೆತ ತಲೆ, ನಿವೃತ್ತಿಗೆ ಹತ್ತಿರವಾದವನು.

"ಹೆಸರು ಕೇಳಲಿಲ್ವಾ?" ಸರ್ಕಾರಿ ವಕೀಲರಿಗೆ ಸಿಟ್ಟು ಬಂದಿತ್ತು.

"ಕೇಳಲ್ಲ ಸರ್. ನಾನು ಹುಟ್ಟಿದ್ದೇ ಆ ಕೇರೀಲಿ. ಪೊಲೀಸಿಗೆ ಫೋನ್ ಮಾಡಿದವರ ಹೆಸರು ಬರೆದಿಟ್ರೆ ಅದು ಹೇಗೋ ಹೊರಗೆ ಬೀಳತ್ತೆ. ಆಮೇಲೆ ಆ ಮನೇಲಿ ಒಂದು ಕಿಟಕೀನೂ ಉಳಿಯಲ್ಲ."

"ಅವರಾಗೇ ಹೇಳಿದ್ರಾ?"

ಗ್ರಿಗ್ಸ್ ಕನ್ನಡಕ ತೆಗೆದ. ಅಂಗಿಯ ತುದಿಯಲ್ಲಿ ನಿಧಾನವಾಗಿ ಒರೆಸಿದ. ಹಾಕಿಕೊಂಡು ಜನ ಕುಳಿತಿದ್ದ ಸಾಲುಗಳತ್ತ ಒಮ್ಮೆ ನೋಡಿದ. ಅರ್ನಸ್ಟೀನ್ ಕೈಚೀಲದ ಮೇಲೆ ತಲೆ ತಗ್ಗಿಸಿದಳು.

"ಇಲ್ಲ ಸರ್. ಬರೀ ಪಿಸುದನಿ. ಗಂಡಸೋ ಹೆಂಗಸೋ ಅಂತಲೂ ಹೇಳಲಾರೆ."

ವಾರದ ನಂತರ ಆದೇಶ ಬಂತು. ಶೋಧ ಕಾನೂನುಬಾಹಿರ. ಪಿಸ್ತೂಲು ಸಾಕ್ಷಿಯಲ್ಲ. ಮಿಸ್ ಪ್ರುಯೆಟ್ ಅವಳ ಕೈ ಹಿಡಿದುಕೊಂಡಳು. "ಸರ್ಕಾರ ಮೇಲ್ಮನವಿ ಹಾಕಬಹುದು. ಹಾಕಿದ್ರೂ ಗೆಲ್ಲಲ್ಲ. ಆ ಫೋನಿನವರು ಬಾಯಿ ಬಿಡದಿದ್ದರೆ."

ಡೆಸ್ಮಂಡ್ ಮನೆಗೆ ಬಂದ. ಕಂದು ಕೋಟನ್ನೂ ಹಿಂದಿರುಗಿಸಿದ್ದರು. ಅಡುಗೆಮನೆಯಲ್ಲಿ ನಿಂತು ಬಲಗಡೆಯ ಜೇಬಿಗೆ ಕೈ ಹಾಕಿದ. ಹರಿದ ಜೇಬಿನಿಂದ ಕೈ ಅಸ್ತರಿನೊಳಗೆ ಮೊಣಕೈವರೆಗೂ ಇಳಿಯಿತು.

"ಅಮ್ಮಾ, ಇದನ್ನ ಹೊಲೀತೀನಿ ಅಂತ ಕ್ರಿಸ್ಮಸ್‌ಗೆ ಮುಂಚಿಂದ ನೀನು ಹೇಳ್ತಾನೇ ಇದ್ದೆ."

"ಕೊಡು, ಈಗಲೇ ಹೊಲೀತೀನಿ."

ಸೂಜಿಗೆ ದಾರ ಪೋಣಿಸಲು ಅವಳಿಗೆ ತುಂಬ ಹೊತ್ತು ಹಿಡಿಯಿತು. ಡೆಸ್ಮಂಡ್ ಕೋರಿಯ ಫೋಟೋದ ಕೆಳಗೆ ಕುಳಿತು ಸೊಪ್ಪು, ಮೆಕ್ಕೆಜೋಳದ ರೊಟ್ಟಿ ಮುಕ್ಕುತ್ತಿದ್ದ.

"ನದಿಯಾಚೆ ಹೋಗೋ ಆ ಬಸ್ ಬಂದಿದ್ರೆ ನಾನು ಒಂದು ಹೆಣ ಬೀಳಿಸ್ತಿದ್ದೆ ಅಮ್ಮಾ. ಇಲ್ಲ, ನಾನೇ ಹೆಣ ಆಗ್ತಿದ್ದೆ." ಇನ್ನೊಂದು ತುಂಡು ರೊಟ್ಟಿ ಮುರಿದ. "ಆದ್ರೂ ಫೋನ್ ಮಾಡಿದ್ದು ಯಾರು ಅಂತ ಗೊತ್ತಾದ್ರೆ, ಈ ಜನ್ಮದಲ್ಲಿ ಅವರ ಮುಖ ನೋಡಲ್ಲ."

"ಉಣ್ಣು, ತಣ್ಣಗಾಗತ್ತೆ," ಎಂದಳು ಅರ್ನಸ್ಟೀನ್.

ದಾರವನ್ನು ಹಲ್ಲಿನಲ್ಲಿ ಕಚ್ಚಿ ಕಡಿದಳು. ಚರ್ಚಿನ ಅಡುಗೆಮನೆಯ ಗೋಡೆಯ ಫೋನಿನಲ್ಲಿ ಆಡಿದ ಮಾತು ಗೊತ್ತಿದ್ದವರು ಇಬ್ಬರೇ. ಗ್ರಿಗ್ಸ್ ಪ್ರಮಾಣ ಮಾಡಿ ಅದನ್ನು ಹೂತುಬಿಟ್ಟಿದ್ದ, ಅವಳೂ ಸಾಯುವತನಕ ಯಾರಿಗೂ ಹೇಳುವುದಿಲ್ಲವೆಂದುಕೊಂಡಳು: "ನಾನು ಅರ್ನಸ್ಟೀನ್ ಟಿಬ್ಸ್ ಮಾತಾಡ್ತಿರೋದು. ಪಿಸ್ತೂಲು ಮಾತ್ರ ತಗೊಳ್ಳಿ ಸಾರ್, ನನ್ನ ಮಗನ್ನ ಮನೆಗೆ ಕಳಿಸಿ."