ಅಂಗೈ ಲೆಕ್ಕ

“ಆಗಲ್ಲಮ್ಮ. ಹತ್ತು ಕಿಲೋಮೀಟರಿಗೆ ನಿನ್ನ ಹೆಸರು ಕಳಿಸೋಕಾಗಲ್ಲ,” ಎಂದು ಕೋಚ್ ಬಾಲ್‌ಪೆನ್ನಿನ ಕ್ಯಾಪು ಮುಚ್ಚಿದರು. ಲೆಕ್ಕವನ್ನು ಎಂದಿನಂತೆ ಎಡ ಅಂಗೈ ಮೇಲೆ ಗೀಚಿಕೊಂಡಿದ್ದರು. ಒಂದು ದೂರ ಓಡಿಸಿ ನೋಡಿ, ಇನ್ನೊಂದು ದೂರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಂಗೈ ನೋಡಿ ಹೇಳುವ ಅವರನ್ನು ಮೈದಾನದವರೆಲ್ಲ ಬೆನ್ನ ಹಿಂದೆ ಜ್ಯೋತಿಷಿ ಎನ್ನುತ್ತಿದ್ದರು. ಅವರು ಹೇಳಿದ್ದು ಹುಸಿಯಾದದ್ದು ಕಡಿಮೆ. ಹಾಗಾಗಿ ಅವರೆದುರು ವಾದಕ್ಕಿಳಿಯುವವರೂ ಕಡಿಮೆ.

ಎದುರಿಗೆ ನಿಂತಿದ್ದವರು ಅಣ್ಣ, ತಂಗಿ. ತಂಗಿಗೆ ಹುಟ್ಟಿನಿಂದ ಕಣ್ಣು ಕಾಣದು. ಆಸ್ಪತ್ರೆಯೊಂದರ ಟೆಲಿಫೋನ್ ಬೋರ್ಡಿನಲ್ಲಿ ಕೆಲಸ. ಅಣ್ಣ ಬೇಕರಿಯಲ್ಲಿ ಹಿಟ್ಟು ನಾದುವವನು. ಅವಳ ಬಲಗೈಗೂ ಇವನ ಎಡಗೈಗೂ ಒಂದು ಹಳೇ ಶೂ ಲೇಸು ಕಟ್ಟಿಕೊಂಡು ವರ್ಷಗಳಿಂದ ಜೊತೆಗೇ ಓಡುತ್ತಿದ್ದರು.

“ಭಾನುವಾರ ಐದು ಕಿಲೋಮೀಟರಿಗೆ ಇಪ್ಪತ್ತೆರಡು ನಿಮಿಷ ತಗೊಂಡ್ರಿ,” ಎನ್ನುತ್ತ ಕೋಚ್, ಅವಳಿಗೆ ಕಾಣದೆಂಬುದನ್ನೂ ಮರೆತು ಅಂಗೈ ಚಾಚಿದರು. “ದೂರ ಎರಡರಷ್ಟಾದ್ರೆ ಹೊತ್ತು ಬರೀ ಎರಡರಷ್ಟಾಗಲ್ಲ. ಕಾಲು ಸೋಲುತ್ತೆ. ಆ ಸುಸ್ತಿಗೆ ಅಂತ ಮೇಲೊಂದೆರಡು ನಿಮಿಷ ಸೇರಿಸ್ಬೇಕು. ನಲವತ್ತಾರು ಬಂತು. ತಂಡಕ್ಕೆ ಬೇಕಿರೋದು ನಲವತ್ತೈದರೊಳಗೆ ಮುಗಿಸೋರು. ಹೆಸರು ಕಳಿಸೋಕೆ ಇವತ್ತೇ ಕೊನೆ, ಇನ್ನೊಬ್ಬಳು ಕಾಯ್ತಾ ಇದ್ದಾಳೆ.”

“ಸರಿ ಸಾರ್,” ಎಂದಳು ತಂಗಿ ತಟ್ಟನೆ. “ಬಾ ಅಣ್ಣ, ಹೋಗೋಣ. ಹೊಟ್ಟೆ ಚುರುಗುಟ್ತಿದೆ.”

ಅಣ್ಣ ಕದಲಲಿಲ್ಲ. ಸ್ನಾನಕ್ಕೆ ಬಿಸಿನೀರು ಒಂದು ಚೊಂಬು ಕಡಿಮೆಯಾದರೆ ರಂಪ ಎಬ್ಬಿಸುವವಳು ಇವಳು. ಹತ್ತು ಕಿಲೋಮೀಟರ್ ಓಡಬೇಕು, ತಂಡದಲ್ಲಿ ಹೋಗಬೇಕು ಎಂದು ವರ್ಷವಿಡೀ ಮನೆಯವರ ತಲೆ ತಿಂದವಳು. ಈಗ ಇಷ್ಟು ಸಲೀಸಾಗಿ ‘ಸರಿ ಸಾರ್’ ಅಂದಳಲ್ಲ! ಅವನಿಗೆ ಭಾನುವಾರದ ಓಟ ನೆನಪಾಯಿತು. ಅರ್ಧ ದಾರಿಯವರೆಗೂ ಲೇಸು ಅವನ ಕೈಯನ್ನು ಮುಂದಕ್ಕೆ ಜಗ್ಗುತ್ತಿತ್ತು. ಆಮೇಲೆ, ಬೇಕರಿಯ ಹಿಟ್ಟಿನ ಧೂಳೆಲ್ಲ ಎದೆಯೊಳಗೆ ಒಮ್ಮೆಲೇ ಎದ್ದಂತಾಗಿ ಉಸಿರು ಸಿಗದೆ ಒದ್ದಾಡುವಾಗ, ಲೇಸು ಸಡಿಲವಾಯಿತು. ಪಾಪ, ಇವಳಿಗೂ ಸುಸ್ತಾಯಿತು ಎಂದುಕೊಂಡಿದ್ದ. ಎಂದುಕೊಂಡು ಒಳಗೊಳಗೇ ಸಮಾಧಾನಪಟ್ಟಿದ್ದ. ಈಗ ಆ ಸಮಾಧಾನ ನೆನೆದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಸಾರ್, ನಿಮ್ಮ ಲೆಕ್ಕ ಸರಿಯಾಗೇ ಇದೆ. ಆದ್ರೆ ಅದು ಇವಳ ಲೆಕ್ಕ ಅಲ್ಲ, ನಂದು.”

“ಅಂದ್ರೆ?”

“ಸೋತಿದ್ದು ನನ್ನ ಕಾಲು. ಇವಳು ನನಗೋಸ್ಕರ ನಿಧಾನ ಮಾಡಿದ್ಲು.”

“ಅಣ್ಣ, ಸುಮ್ನಿರು! ಏನೇನೋ ಒದರಬೇಡ,” ಎಂದಳು ತಂಗಿ. ಅವಳ ಮುಖ ಕೆಂಪೇರಿತ್ತು.

“ಹೌದೋ ಅಲ್ವೋ, ನನ್ನ ಮೇಲೆ ಆಣೆ ಇಟ್ಟು ಹೇಳು.”

ಅವಳು ಆಣೆ ಇಡಲಿಲ್ಲ. ಲೇಸನ್ನು ಬೆರಳಿಗೆ ಸುತ್ತುತ್ತ, “ಇಡೀ ದಿನ ಫೋನಲ್ಲಿ ಜನರ ಉಸಿರು ಕೇಳೋಳು ನಾನು. ನಿನ್ನ ಉಸಿರು ಗೊತ್ತಾಗಲ್ವಾ? ಅದು ಏರಿದ ತಕ್ಷಣ ನನ್ನ ಕಾಲು ತಾನಾಗೇ ನಿಧಾನ ಆಗುತ್ತೆ. ನಿನ್ನ ಜೀವ ತೆಗೆದು ಯಾವ ಮೆಡಲ್ ತರ್ಲಿ ನಾನು?” ಎಂದಳು.

ಕೋಚ್ ತಮ್ಮ ಅಂಗೈಯನ್ನೇ ನೋಡಿಕೊಂಡರು. ಹೆಬ್ಬೆರಳಿನಿಂದ ಉಜ್ಜಿದರು, ಶಾಯಿ ಹೋಗಲಿಲ್ಲ. ಟ್ರ್ಯಾಕಿನಲ್ಲಿ ಸಂಜೆಯ ಓಟಕ್ಕೆ ಬಂದಿದ್ದ ಉದ್ದಕಾಲಿನ ಪೋಸ್ಟ್‌ಮ್ಯಾನನ್ನು ಕೂಗಿ ಕರೆದು, ತಂಗಿಗೆ, “ಇವನ ಜೊತೆ ಈಗಲೇ ಇನ್ನೊಂದ್ಸಲ ಐದು ಓಡು, ನೋಡೋಣ,” ಎಂದರು.

“ನಾನು ಬೇರೆಯವರ ಜೊತೆ ಓಡಲ್ಲ. ನೀನಿಲ್ದೆ ಹೆದರಿಕೆ ಆಗುತ್ತೆ ಅಣ್ಣ.”

“ಹೆದರಿಕೆ ಆದ್ರೆ ಆಗ್ಲಿ. ಓಡು!” ಅಷ್ಟು ಗಡುಸಾಗಿ ಅವನು ಅವಳೊಡನೆ ಎಂದೂ ಮಾತಾಡಿರಲಿಲ್ಲ. ತನ್ನ ಕೈಯ ಗಂಟನ್ನು ಹಲ್ಲಿನಿಂದ ಬಿಚ್ಚಿ ಪೋಸ್ಟ್‌ಮ್ಯಾನನ ಕೈಗೆ ಕಟ್ಟಿದ. “ತಿರುವು ಬರೋಕೆ ಮುಂಚೆ ಹೇಳ್ಬೇಕಪ್ಪ, ಬಂದ್ಮೇಲಲ್ಲ. ಅವಳನ್ನ ಎಳೀಬೇಡ,” ಎಂದವನು ಗ್ಯಾಲರಿಯ ಮೆಟ್ಟಿಲಿಗೆ ಹೋಗಿ ಕೂತ.

ಮೊದಲ ಸುತ್ತು ಅವಳು ನೆಲವನ್ನು ನಂಬದವಳ ಹಾಗೆ ಹೆಜ್ಜೆ ಹಾಕಿದಳು. ಎರಡನೆಯದರಲ್ಲಿ ಭುಜ ಸಡಿಲವಾಯಿತು. ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಅಣ್ಣ ಬೆರಗಾಗಿ ನೋಡಿದ. ಇಷ್ಟು ವರ್ಷ ಪಕ್ಕದಲ್ಲೇ ಓಡಿದವನಿಗೆ ಕಂಡದ್ದು ದಾರಿ, ಹೊಂಡ, ತಿರುವು. ತಂಗಿ ಓಡುವುದನ್ನು ಅವನು ಒಂದು ಸಲವೂ ನೋಡಿರಲಿಲ್ಲ. ಎಷ್ಟು ಚೆಂದ ಓಡುತ್ತಾಳೆ, ನನ್ನ ತಾಯಿ! ಇವಳನ್ನೇ ನಾನು ಕಟ್ಟಿ ಹಾಕಿಕೊಂಡಿದ್ದು? ಕೊನೆಯ ಸುತ್ತಿನಲ್ಲಿ ಬಾಯಿ ಬಾಯಿ ಬಿಡುತ್ತಿದ್ದವನು ಪೋಸ್ಟ್‌ಮ್ಯಾನ್.

ಕೋಚ್ ವಾಚ್ ಒತ್ತಿದರು. ಅಂಗೈಯಲ್ಲಿ ಜಾಗವಿಲ್ಲದೆ ಮಣಿಕಟ್ಟಿನ ಮೇಲೆ ಬರೆದರು. “ಇಪ್ಪತ್ತೂವರೆ. ಅದರ ಎರಡರಷ್ಟು, ಮೇಲೆ ಸುಸ್ತಿಂದು. ನಲವತ್ಮೂರರೊಳಗೇ ಬರುತ್ತೆ. ಹೆಸರು ಕಳಿಸ್ತೀನಿ ಕಣಮ್ಮ!”

ಅವಳು ಕುಣಿಯಲಿಲ್ಲ. “ಅಣ್ಣ ಎಲ್ಲಿ?” ಎಂದಳು. ಪೋಸ್ಟ್‌ಮ್ಯಾನ್ ಅವಳನ್ನು ಮೆಟ್ಟಿಲ ಬಳಿಗೆ ಕರೆತಂದ. ಅಣ್ಣ ತೋಳಿನಿಂದ ಕಣ್ಣೊರೆಸಿಕೊಂಡು, “ಇಲ್ಲೇ ಇದೀನಿ,” ಎಂದ.

ತಂಗಿ ತಲೆ ವಾಲಿಸಿ ಒಂದು ಗಳಿಗೆ ಕಿವಿಗೊಟ್ಟಳು.

“ಕೂತಿದ್ದವನಿಗೆ ಯಾಕಣ್ಣ ಇಷ್ಟೊಂದು ಏದುಸಿರು?”