ಮುರಿದ ಗಾಡಿಗಳ ಬೀದಿ

ಹಳೆ ಸಾಮಾನಿನ ಅಂಗಡಿಯ ಮುದುಕನಿಗೆ ಅನುಮಾನ ಬಂತು. ಗಿರಾಕಿ ಆಟಿಕೆ ಕಾರುಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವುಗಳ ತಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ನಾಲ್ಕೂ ಚಕ್ರ ಸರಿಯಿದ್ದವನ್ನು ಬದಿಗೆ ಸರಿಸುತ್ತಿದ್ದ.

"ಮಗೂಗಾ?"

"ಅಲ್ಲ."

"ಮತ್ತೆ?"

"ಜಜ್ಜೋಕೆ."

ಮುದುಕ ಕನ್ನಡಕ ಏರಿಸಿ ನೋಡಿದ. ಗಿರಾಕಿ ಜೇಬಿನಿಂದ ಅಂಗುಲದೆತ್ತರದ ಪ್ಲಾಸ್ಟಿಕ್ ಸೈನಿಕನನ್ನು ತೆಗೆದು ಒಂದು ಬಿಳಿ ವ್ಯಾನಿನ ಪಕ್ಕ ನಿಲ್ಲಿಸಿದ. ಸೈನಿಕನ ಸೊಂಟ ಬಾಗಿಲಿನ ಹಿಡಿಗೆ ಸಮವಾಯಿತು. ಅಳತೆ ಸರಿ. ಹದಿನಾಲ್ಕು ಗಾಡಿಗಳು ಚೀಲಕ್ಕೆ ಬಿದ್ದವು. ಮಾಡೆಲ್ ಅಂಗಡಿಯಲ್ಲಿ ಇಷ್ಟು ದುಡ್ಡಿಗೆ ಒಂದು ಜೀಪಿನ ಖಾಲಿ ಡಬ್ಬಿಯೂ ಬರುತ್ತಿರಲಿಲ್ಲ.

ಅಪಘಾತದ ಗಾಡಿಗಳನ್ನು ಕೇಸು ಮುಗಿಯುವವರೆಗೆ ನಿಲ್ಲಿಸುವ ಯಾರ್ಡಿನಲ್ಲಿ ಅವನು ಗುಮಾಸ್ತ. ಭಾನುವಾರ ಮಧ್ಯಾಹ್ನ ದರ್ಜಿಯ ಅಂಗಡಿಯ ಅಟ್ಟದಲ್ಲಿ ಐದಾರು ಜನ ಸೇರಿ ಯುದ್ಧದಾಟ ಆಡುತ್ತಿದ್ದರು. ಬಟ್ಟೆ ಕತ್ತರಿಸುವ ಮೇಜೇ ಊರು. ಅದರ ಮೇಲೆ ರಟ್ಟಿನ ಮನೆಗಳು, ಪುಟ್ಟ ಸೈನಿಕರು, ದಾಳ, ದೂರ ಅಳೆಯಲು ದರ್ಜಿಯ ಟೇಪು. ಬಾಂಬು ಬಿದ್ದ ಬೀದಿ ಎಂದ ಮೇಲೆ ಮುರಿದ ಗಾಡಿಗಳು ಬೇಕು; ಸೈನಿಕರು ಅಡಗುವುದೇ ಅವುಗಳ ಮರೆಯಲ್ಲಿ. ಆ ಕೆಲಸ ಇವನ ಪಾಲಿಗೆ ಬಂದಿತ್ತು.

ಗಾಡಿಯನ್ನು ಮೇಣದಬತ್ತಿಯ ಶಾಖಕ್ಕೆ ಹಿಡಿದು ಇಕ್ಕಳದಿಂದ ಸೊಟ್ಟ ಮಾಡುತ್ತಿದ್ದ. ಕಂದು ಬಣ್ಣ ಬಳಿದು, ಉಪ್ಪು ಉದುರಿಸಿ, ಮೇಲೆ ಇನ್ನೊಂದು ಬಣ್ಣ. ಒಣಗಿದ ಮೇಲೆ ಉಪ್ಪನ್ನು ಉಜ್ಜಿದರೆ ಥೇಟ್ ತುಕ್ಕು.

"ಹಗಲೂ ಗುಜರಿ, ಮನೇಲೂ ಗುಜರಿ. ಒಂದಿನ ನನ್ನನ್ನೂ ತೂಕಕ್ಕೆ ಹಾಕ್ತೀರೇನೋ" ಎಂದಳು ಹೆಂಡತಿ.

ಅವನು ನಗಬೇಕಿತ್ತು. ನಗು ಬರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ. ಒಂಬತ್ತು ವರ್ಷದ ಮೇಲೆ ಈಗ ನುಜ್ಜುಗುಜ್ಜಾದ ಬಾನೆಟ್ಟಿನ ಮೇಲೇ ಬುತ್ತಿ ಬಿಚ್ಚುತ್ತಾನೆ. ಬಿಳಿ ವ್ಯಾನಿಗೆ ಯಾರ್ಡಿನ ಮೂಲೆಯಲ್ಲಿದ್ದ ಒಂದನ್ನು ನೆನಪಿನಿಂದಲೇ ಮಾದರಿ ಮಾಡಿಕೊಂಡ. ಬಸ್ಸಿಗೆ ಡಿಕ್ಕಿಯಾಗಿ ನಾಲ್ಕು ಜನ ಹೋಗಿದ್ದ ವ್ಯಾನು ಅದು. ಬಸ್ಸಿನ ಮುಂದಿನ ಗಾಜಷ್ಟೇ ಒಡೆದಿತ್ತು. ಅದನ್ನು ವಾರದೊಳಗೆ ಬಿಡಿಸಿಕೊಂಡು ಹೋದರು. ವ್ಯಾನು ಉಳಿಯಿತು. ಸತ್ತವರ ಕಡೆಯವರು ಆಗಾಗ ಬಂದು, ಗೇಟಿನಾಚೆಯೇ ನಿಂತು ನೋಡಿ ಹೋಗುತ್ತಿದ್ದರು.

ಹೋದ ತಿಂಗಳು ಅಟ್ಟಕ್ಕೆ ಹೊಸಬಳೊಬ್ಬಳು ಸೇರಿದ್ದಳು. ನಲವತ್ತರ ಹೆಂಗಸು. ಮೈ ಇಳಿದು ಸಡಿಲವಾದ ಬಟ್ಟೆಗಳನ್ನು ಹಿಡಿಸಲು ದರ್ಜಿಯ ಬಳಿ ಬಂದವಳು, ಮೇಲಿನ ಗದ್ದಲ ಕೇಳಿ ಮೆಟ್ಟಿಲು ಹತ್ತಿ, ಕೂತುಬಿಟ್ಟಳು. ಎಲ್ಲರೂ ಅಕ್ಕ ಎಂದರು. ಎಲ್ಲೋ ದೂರದ ಬಡಾವಣೆಯಿಂದ ನಡೆದೇ ಬರುತ್ತಿದ್ದಳು. ಕೆಲಸ ಏನು ಎಂದು ಕೇಳಿದರೆ "ರಜೆಯಲ್ಲಿದ್ದೀನಿ" ಎನ್ನುತ್ತಿದ್ದಳು. ಎಲ್ಲಿಯವರೆಗೆ ಎಂದರೆ "ಅವರು ಕರೆಯೋವರೆಗೆ." ಎರಡೂ ಕೈಯಲ್ಲಿ ಮೇಜಿನ ಅಂಚನ್ನು ಅಗಲವಾಗಿ ಹಿಡಿದು ಕೂತು, ದೂರವನ್ನು ಕಣ್ಣಲ್ಲೇ ಅಳೆದು ಹೇಳುತ್ತಿದ್ದಳು. ದರ್ಜಿಯ ಟೇಪು ಆಮೇಲೆ ಅದನ್ನೇ ಹೇಳುತ್ತಿತ್ತು.

ವ್ಯಾನು ಮೇಜಿಗೆ ಬಂದ ದಿನ ಉಳಿದವರೆಲ್ಲ ಭೇಷ್ ಎಂದರು. ಅಕ್ಕನ ಸೈನಿಕರಿಗೆ ಅದಕ್ಕಿಂತ ಒಳ್ಳೆಯ ಮರೆ ಬೇರೆ ಇರಲಿಲ್ಲ. ಆದರೂ ಒಬ್ಬನನ್ನೂ ಅದರ ಹಿಂದೆ ಕಳಿಸದೆ, ಬಯಲಲ್ಲಿ ನಿಲ್ಲಿಸಿ, ಅಷ್ಟೂ ಜನರನ್ನು ಕಳೆದುಕೊಂಡಳು.

"ವ್ಯಾನಿನ ಹಿಂದೆ ಹೋಗಬಹುದಿತ್ತಲ್ಲ ಅಕ್ಕಾ?" ಎಂದ ದರ್ಜಿ.

ಅವಳು ವ್ಯಾನನ್ನೇ ನೋಡುತ್ತಿದ್ದಳು. "ಅದರ ಎಡಗಡೆ ಲೈಟು ಒಡೆದಿರಲಿಲ್ಲ" ಎಂದಳು. "ಉರೀತಾನೇ ಇತ್ತು."

ದರ್ಜಿಗೆ ಅರ್ಥವಾಗಲಿಲ್ಲ. ಗುಮಾಸ್ತನ ಕೈಯಲ್ಲಿದ್ದ ದಾಳ ಕೈಯಲ್ಲೇ ಉಳಿಯಿತು.

ಸೋಮವಾರ ಅವನು ಯಾರ್ಡಿನ ಮೂಲೆಗೆ ಹೋಗಿ ಬಗ್ಗಿ ನೋಡಿದ. ವ್ಯಾನಿನ ಬಲಬದಿ ಸೀಟಿನವರೆಗೂ ಒಳಹೊಕ್ಕಿತ್ತು. ಎಡಗಡೆಯ ಲೈಟು ಧೂಳಿನಡಿ ಇಡಿಯಾಗಿಯೇ ಇತ್ತು. ಅವನು ಆಟಿಕೆಯಲ್ಲಿ ಎರಡನ್ನೂ ಒಡೆದಿದ್ದ.

ಅಂದು ಬುತ್ತಿ ಬಿಚ್ಚಲಿಲ್ಲ. ಯಾರದೋ ಮನೆಯ ಸಾವನ್ನು ತಂದು ಆಟದ ಮೇಜಿನ ಮೇಲಿಟ್ಟಿದ್ದೇನೆ ಎಂದು ತಿಳಿಯಿತು. ತಿಳಿಯಿತು, ಅಷ್ಟೇ. ಮರಗಟ್ಟಿದ ಕಾಲನ್ನು ಚಿವುಟಿದ ಹಾಗೆ.

ಮುಂದಿನ ಭಾನುವಾರ ಆಟ ಮುಗಿದು ಉಳಿದವರು ಇಳಿದು ಹೋಗುವವರೆಗೆ ಕಾದ. ಅಕ್ಕ ತನ್ನ ಸೈನಿಕರನ್ನು ಡಬ್ಬಿಗೆ ಹಾಕುತ್ತಿದ್ದಳು.

"ತಪ್ಪಾಯ್ತು ಅಕ್ಕಾ. ಆ ವ್ಯಾನು ನಮ್ಮ ಯಾರ್ಡಲ್ಲೇ ಇದೆ. ಅದನ್ನ ನೆನೆಸ್ಕೊಂಡೇ ಇದನ್ನ ಮಾಡಿದ್ದು. ಇವತ್ತೇ ತೆಗೆದುಬಿಡ್ತೀನಿ."

"ಇರ್ಲಿ ಬಿಡಿ. ತೆಗೆದ್ರೆ ಆಗಿದ್ದು ಹೋಗುತ್ತಾ?"

"ಅದರಲ್ಲಿ ನಿಮ್ಮೋರು..."

"ನಮ್ಮೋರು ಯಾರೂ ಇಲ್ಲ."

ಅವನು ತಲೆ ತಗ್ಗಿಸಿದ. "ನಾಲ್ಕೂ ಜನ..."

"ಹೂಂ. ನಾಲ್ಕೂ ಜನ."

ಸಮಾಧಾನ ಹೇಳುವುದು ಅವನಿಗೆ ಮರೆತೇಹೋಗಿತ್ತು. ವ್ಯಾನನ್ನು ಎತ್ತಿ ಅವಳ ಅಂಗೈಯಲ್ಲಿಟ್ಟ. ಅಕ್ಕ ಅದನ್ನು ನಿಧಾನವಾಗಿ ತಿರುಗಿಸಿದಳು. ಪಕ್ಕದ ಬಾಗಿಲು ನೋಡಿದಳು. ಹಿಂದಿನ ಗಾಜು ನೋಡಿದಳು. ಅವಳ ಮುಖದಲ್ಲಿ ಏನೂ ಕದಲಲಿಲ್ಲ.

"ಹಿಂದ್ಗಡೆ ಹೀಗಿತ್ತಾ" ಎಂದಳು. "ನಾನು ಎದುರಿನಿಂದ ಮಾತ್ರ ನೋಡಿದ್ದೆ. ಬಸ್ಸಿನ ಸ್ಟೇರಿಂಗ್ ಹಿಡ್ಕೊಂಡು."